ಪಾಪಯ್ಯನ ಮೊಮ್ಮಕ್ಕಳು

ಚನ್ನರಾಯಪಟ್ಟಣದ ಕೆಂಪಣ್ಣನವರದು ತೆಂಗಿನಕಾಯಿ ವ್ಯಾಪಾರ. ಆದರೆ ಅವರ ಮಂಡಿಗೆ ಬರುವವರಲ್ಲಿ ಅರ್ಧ ಜನ ಕಾಯಿಗಾಗಿ ಬರುವುದಿಲ್ಲ, ಬೆಂಗಳೂರಿನಲ್ಲಿ ಇಳಿದುಕೊಳ್ಳಲು ಜಾಗಕ್ಕಾಗಿ ಬರುತ್ತಾರೆ. ಹೊಳೆನರಸೀಪುರದಿಂದ ಪರೀಕ್ಷೆ ಬರೆಯಲು ಹೊರಟ ಹುಡುಗರು, ಅರಕಲಗೂಡಿನಿಂದ ವಿಧಾನಸೌಧ ನೋಡಲು ಹೊರಟ ಹೈಸ್ಕೂಲು, ಹಾಸನದಿಂದ ಧರಣಿ ಕೂರಲು ಹೊರಟ ಸಂಘ, ಎಲ್ಲರಿಗೂ ಕೆಂಪಣ್ಣನವರೇ ಗತಿ. ಲಾಡ್ಜಿಗೆ ದುಡ್ಡು ಸುರಿದು ಮಲಗುವವರನ್ನು ಕಂಡರೆ ಅವರಿಗೆ ಅಯ್ಯೋ ಪಾಪ ಅನಿಸುತ್ತದೆ. ದುಡ್ಡು ಕೊಟ್ಟರೆ ಯಾರು ಬೇಕಾದರೂ ಮಲಗಬಹುದು, ಅದರಲ್ಲೇನು ಹೆಚ್ಚುಗಾರಿಕೆ ಎಂಬುದು ಅವರ ವಾದ. ಅವರ ಹತ್ತಿರ ಇರುವುದು ವಶೀಲಿ.

ನಾನು ಅದೇ ಊರಿನ ಒಂದು ಕಾಲೇಜಿನಲ್ಲಿ ಇತಿಹಾಸ ಹೇಳುವವಳು, ಹೆಸರು ಮೇಘಶ್ರೀ. ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕಾದರೂ ಆ ಕೆಲಸವನ್ನು ನನ್ನ ತಲೆಗೇ ಕಟ್ಟುತ್ತಾರೆ. ಮದುವೆಯಾಗದ ಹೆಂಗಸಿಗೆ ಮನೆಯಲ್ಲಿ ಏನು ಕೆಲಸ ಎಂಬುದು ನಮ್ಮ ಪ್ರಿನ್ಸಿಪಾಲರ ಗಟ್ಟಿ ನಂಬಿಕೆ. ಹೀಗಾಗಿ ಕೆಂಪಣ್ಣನವರ ವಶೀಲಿಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಆ ವಶೀಲಿಯ ಮೂಲ ಬೆಂಗಳೂರಿನಲ್ಲಿರುವ ಅವರ ಜನಾಂಗದ ಭವನ. ಯಾವ ಜನಾಂಗ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಉಳಿದವರೆಲ್ಲ ಸದ್ಯ ನಮ್ಮದಲ್ಲ ಎಂದು ಕಾಲು ಚಾಚಿಕೊಂಡು ಓದಲು ಶುರುಮಾಡುತ್ತಾರೆ. ಇಂಥ ಭವನ ಎಲ್ಲ ಜನಾಂಗಕ್ಕೂ ಒಂದೊಂದಿದೆ. ಮುಂದೆ ಗ್ರಾನೈಟಿನ ಮೆಟ್ಟಿಲು, ಒಳಗೆ ದಾನಿಗಳ ಫೋಟೊ, ಹಿಂದೆ ನೀರು ಬಾರದ ನಲ್ಲಿ. ಬಸ್ ಸ್ಟ್ಯಾಂಡಿಗೆ ಹತ್ತಿರ, ಬಾಡಿಗೆಯೂ ಇದೆಯೋ ಇಲ್ಲವೋ ಅನ್ನುವಷ್ಟು. ಷರತ್ತು ಒಂದೇ, ಒಳಗೆ ಮಲಗುವವರು ಆ ಜನಾಂಗದವರೇ ಆಗಿರಬೇಕು.

ಕಾಲೇಜಿನ ಮಕ್ಕಳು ಹಾಗೆ ನಮ್ಮ ಅನುಕೂಲಕ್ಕೆ ಒಂದೇ ಜನಾಂಗದಲ್ಲಿ ಹುಟ್ಟಿ ಬರುವುದಿಲ್ಲವಲ್ಲ. ಭವನದವರು ಸರ್ಟಿಫಿಕೇಟು ಕೇಳುವುದಿಲ್ಲ. ನೇರವಾಗಿ ಜಾತಿಯನ್ನೂ ಕೇಳುವುದಿಲ್ಲ. ಜಾತಿ ಕೇಳುವುದು ಅಸಭ್ಯ ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೇ ಊರು ಯಾವುದು, ಮನೆದೇವರು ಯಾವುದು, ಯಾರ ಮೊಮ್ಮಗ ಎಂದು ಕೇಳುತ್ತಾರೆ. ಈ ಮೂರಕ್ಕೆ ಉತ್ತರ ಸಿಕ್ಕಿದರೆ ಸಾಕು, ಕೇಳದೆ ಬಿಟ್ಟದ್ದೂ ಗೊತ್ತಾಗಿಬಿಡುತ್ತದೆ. ಕೆಂಪಣ್ಣನವರು ಈ ಮೂರಕ್ಕೂ ಉತ್ತರವನ್ನು ಬಸ್ಸಿನಲ್ಲೇ ಹಂಚಿಬಿಡುತ್ತಿದ್ದರು. ಊರು ಕಟ್ಟಾಯದ ಕಡೆ, ಏಕೆಂದರೆ ಅದು ಅವರ ಮಾವನ ಮನೆ, ಏನಾದರೂ ಎಡವಟ್ಟಾದರೆ ನಿಭಾಯಿಸಬಹುದು. ಮನೆದೇವರು ಅವರ ಮನೆದೇವರೇ. ಅಜ್ಜ ಮಾತ್ರ ಪಾಪಯ್ಯ.

ಪಾಪಯ್ಯ ಎಂದರೆ ಕೆಂಪಣ್ಣನವರ ದೊಡ್ಡಪ್ಪ. ಮದುವೆಯಾಗದೆ, ಮಕ್ಕಳಿಲ್ಲದೆ, ಒಂದೆಮ್ಮೆ ಸಾಕಿಕೊಂಡು ಬದುಕಿ ಎಂದೋ ತೀರಿಕೊಂಡವರು. ಮಡಿ ಮೈಲಿಗೆಯಲ್ಲಿ ಬಲು ಬಿಗಿ ಮನುಷ್ಯ. ತೀರಿಕೊಂಡ ಮೇಲೆ ವರ್ಷ ವರ್ಷ ಅವರಿಗೆ ಡಜನ್‌ಗಟ್ಟಲೆ ಮೊಮ್ಮಕ್ಕಳು ಹುಟ್ಟತೊಡಗಿದರು. ಕುರುಬರ ಹುಡುಗ, ಮಡಿವಾಳರ ಹುಡುಗಿ, ಸಾಬರ ಬೀದಿಯಿಂದ ಬಂದ ಒಬ್ಬ ವಾಲಿಬಾಲ್ ಆಟಗಾರ ಕೂಡ ಎರಡು ದಿನದ ಮಟ್ಟಿಗೆ ಪಾಪಯ್ಯನ ವಂಶ ಬೆಳಗಿಸಿದ್ದರು. ನಾನು ಅಕ್ಕಸಾಲಿಗರ ಮನೆಯವಳು. ನನ್ನನ್ನು ಕೆಂಪಣ್ಣನವರು ತಮ್ಮನ ಸೊಸೆ ಮಾಡಿದ್ದರು. ನನಗೆ ಇದುವರೆಗೆ ಆಗಿರುವ ಮದುವೆ ಅದೊಂದೇ.

ನನಗೆ ಕೆಂಪಣ್ಣನವರನ್ನು ಕಂಡರೆ ಇಷ್ಟ ಎಂದು ಈಗಲೇ ಹೇಳಿಬಿಡುತ್ತೇನೆ. ಈ ಓಡಾಟಕ್ಕೆ ಅವರು ಯಾರಿಂದಲೂ ಏನೂ ತೆಗೆದುಕೊಂಡವರಲ್ಲ. ಮಂಡಿಯ ಬಾಗಿಲು ಹಾಕಿಕೊಂಡು ಜೊತೆಗೆ ಬರುವರು. ಹುಡುಗಿಯರ ಕೋಣೆಗೆ ಒಳಚಿಲಕ ಸರಿಯಾಗಿದೆಯಾ ಎಂದು ತಾವೇ ಎಳೆದು ನೋಡುವರು. ಭವನದ ಹಳೇ ಮ್ಯಾನೇಜರಿಗೆ ಒಂದು ಮೂಟೆ ಕಾಯಿ ಒಯ್ಯುವರು, ಆತ ಕಾಯಿ ನೋಡಿಕೊಂಡು ಮಕ್ಕಳ ಮುಖ ನೋಡದೆ ಬೀಗದ ಕೈ ಕೊಡುವನು. ರಾತ್ರಿ ಜಮಖಾನದ ಮೇಲೆ ಸಾಲಾಗಿ ಮಲಗಿದ ಮಕ್ಕಳನ್ನು ತೋರಿಸಿ ಅವರು ನನಗೆ ಒಮ್ಮೆ ಹೇಳಿದ್ದರು:

"ನಂಗೆ ಜಾತಿಗೀತಿ ಅನ್ನಾದಿಲ್ಲ ಮೇಡಂ. ನೋಡಿ, ಎಲ್ರೂ ನಮ್ಮೋರೇ."

ಎಲ್ಲರೂ ಒಂದೇ ಎಂದು ಭಾಷಣ ಮಾಡುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಲ್ಲರನ್ನೂ ನಿಜವಾಗಿ ಒಂದು ಮಾಡಿ ಬಸ್ಸು ಹತ್ತಿಸಿದವರು ಅವರೊಬ್ಬರೇ. ಆ ಒಂದು ಯಾವುದು ಎಂಬುದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಈ ವರ್ಷ ಕೇಳಿದವಳು ಯಶೋಧರಾ.

ಬೆಂಗಳೂರಿನಲ್ಲಿ ಅಂತರಕಾಲೇಜು ಜನಪದ ಕಲೆಗಳ ಸ್ಪರ್ಧೆ ಇತ್ತು, ನಮ್ಮದು ಕೋಲಾಟದ ತಂಡ. ಕೋಲಾಟವನ್ನು ಬಿಡಿಬಿಡಿಯಾಗಿ ಆಡಲಾಗುವುದಿಲ್ಲ, ಪ್ರತಿ ಏಟಿಗೂ ಎದುರು ಒಂದು ಕೋಲು ಬೇಕು. ಒಬ್ಬರು ಕೈಕೊಟ್ಟರೆ ಇಡೀ ಸುತ್ತೇ ಹರಿದುಹೋಗುತ್ತದೆ. ಯಶೋಧರಾ ನಮ್ಮ ತಂಡದಲ್ಲಿ ಪದ ಎತ್ತಿಕೊಡುವವಳು, ತಾಳ ಹಿಡಿದು ನಡೆಸುವವಳು. ಶೆಟ್ಟಿಹಳ್ಳಿಯ ಹುಡುಗಿ, ಚನ್ನರಾಯಪಟ್ಟಣದ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳ ಅಪ್ಪ ನಟರಾಜು ಪ್ರೈಮರಿ ಸ್ಕೂಲ್ ಮೇಷ್ಟ್ರು. ಮಗಳು ಹುಟ್ಟುವ ಮೊದಲೇ ಮನೆಯವರೆಲ್ಲ ಬೌದ್ಧರಾಗಿದ್ದರು, ಆ ಹೆಸರು ಹಾಗೆ ಬಂದದ್ದು. ಅವಳ ಕೋಲಿಗೆ ಎದುರು ಕೋಲು ಕೊಡುವವಳು ಧನ್ಯಾ, ಕೆಂಪಣ್ಣನವರ ಮಗಳು. ಆ ಕೂಸು ಎದುರಿಗಿಲ್ಲದಿದ್ದರೆ ನನ್ನ ಮಗಳ ಕೋಲು ಮಾತೇ ಆಡುವುದಿಲ್ಲ ಎಂದು ಕೆಂಪಣ್ಣನವರೇ ಮಂಡಿಯಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದರು.

ಹೊರಟ ದಿನ ಅವರ ಹೆಂಡತಿ ಪುಟ್ಟತಾಯಮ್ಮ ಒಂದು ದೊಡ್ಡ ಡಬರಿ ಪುಳಿಯೋಗರೆ ಕಟ್ಟಿಕೊಟ್ಟಿದ್ದರು. ವ್ಯಾನು ಯಡಿಯೂರು ದಾಟುವಷ್ಟರಲ್ಲಿ ಕೆಂಪಣ್ಣನವರು ಪೇಪರ್ ತಟ್ಟೆ ಹಂಚಿ ತಾವೇ ಎಲ್ಲರಿಗೂ ಬಡಿಸಿದರು. ಯಶೋಧರಾಗೆ ಗಂಟಲು ಕಟ್ಟದಿರಲಿ ಎಂದು ಮೆಣಸಿನಕಾಯಿ ಹೆಕ್ಕಿ ತೆಗೆದು ಇನ್ನೊಂದು ಸೌಟು ಹಾಕಿದರು. ತಿಂದು ಕೈ ತೊಳೆದ ಮೇಲೆ ಅಜ್ಜನನ್ನು ಹಂಚುವ ಕಾರ್ಯಕ್ರಮ ಶುರುವಾಯಿತು. ಮಾನಸಾ, ತೇಜಶ್ರೀ, ಕೀರ್ತಿರಾಜ್ ಎಲ್ಲರೂ ನಕ್ಕೊಂಡು ಪಾಪಯ್ಯನ ಮಡಿಲು ಸೇರಿದರು. ಕೀರ್ತಿರಾಜ್ ಜೈನರ ಹುಡುಗ. ಅಜ್ಜ ಮಾಂಸ ತಿನ್ನುತ್ತಿದ್ದರಾ ಎಂದು ಒಂದು ಸಲ ಖಾತ್ರಿ ಮಾಡಿಕೊಂಡ, ಅಷ್ಟೆ.

ಯಶೋಧರಾಳ ಸೀಟಿನ ಹತ್ತಿರ ಬಂದಾಗ ಅವಳು, ನಮ್ಮ ತಾತನ ಹೆಸರು ಕೆಂಚಯ್ಯ ಅಂಕಲ್ ಎಂದಳು. ಕೆಂಪಣ್ಣನವರು ಅದು ತಮಗೂ ಗೊತ್ತು, ಬರೀ ಎರಡು ದಿನದ ಮಾತು ಎಂದರು.

"ಆ ಎರಡು ದಿನ ನಮ್ ತಾತ ಎಲ್ಲಿಗೋಯ್ತರೆ ಅಂಕಲ್?" ಎಂದಳು ಅವಳು.

ಜೋರಾಗಿ ಹೇಳಲಿಲ್ಲ, ಕೋಪದಲ್ಲೂ ಹೇಳಲಿಲ್ಲ. ಕೆಂಪಣ್ಣನವರು ತಮಾಷೆ ಎಂದುಕೊಂಡು ಅವಳ ತಲೆಯ ಮೇಲೆ ಮೊಟಕಿ ಹಿಂದಿನ ಸೀಟಿಗೆ ಹೋದರು.

ಭವನದಲ್ಲಿ ಹಳೇ ಮ್ಯಾನೇಜರು ಇರಲಿಲ್ಲ. ಸಂಘದ ಚುನಾವಣೆಯಾಗಿ ಹೊಸ ಕಮಿಟಿ ಬಂದಿತ್ತು, ಹೊಸ ಕಮಿಟಿ ಸುದರ್ಶನ್ ಎಂಬ ಹೊಸ ಮ್ಯಾನೇಜರನ್ನು ತಂದಿತ್ತು. ಇಸ್ತ್ರಿ ಮಾಡಿದ ಅಂಗಿಯ, ಬಲು ಮರ್ಯಾದೆಯ ಹುಡುಗ. ನಮ್ಮನ್ನಿಳಿಸಿ ವ್ಯಾನು ಊರಿಗೆ ವಾಪಸು ಹೋಗಿತ್ತು. ಕಾಯಿ ಮೂಟೆಯನ್ನು ಸುದರ್ಶನ್ ಸಂತೋಷದಿಂದಲೇ ಒಳಗಿಡಿಸಿದ. ಇಟ್ಟ ಮೇಲೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸತೊಡಗಿದ. ಇದನ್ನು ಯಾರೂ ಎಣಿಸಿರಲಿಲ್ಲ.

ಮೊದಲ ನಾಲ್ಕು ಜನ ಸರಾಗವಾಗಿ ಪಾಪಯ್ಯನನ್ನು ಒಪ್ಪಿಸಿದರು. ಐದನೆಯವಳು ಯಶೋಧರಾ. ಊರು ಶೆಟ್ಟಿಹಳ್ಳಿ ಎಂದಳು. ಯಾರ ಪೈಕಿ ಎಂದು ಕೇಳಿದ್ದಕ್ಕೆ ನಾವು ಬೌದ್ಧರು ಎಂದಳು. ಸುದರ್ಶನ್ ಅವಳ ಮೂಗು ಕಣ್ಣು ನೋಡಿ ಸ್ವಲ್ಪ ಗೊಂದಲಕ್ಕೆ ಬಿದ್ದು, ಹಾಗಾದರೆ ಬೈಲುಕುಪ್ಪೆಯ ಕಡೆಯವರಾ, ಟಿಬೆಟಿನವರಾ ಎಂದು ವಿಚಾರಿಸಿದ. ಅಲ್ಲ ಎಂದಳು. ಕೆಂಪಣ್ಣನವರು ಹಿಂದಿನಿಂದ ಕೆಮ್ಮಿದರು, ಕಟ್ಟಾಯ ಎಂದು ಬಾಯಲ್ಲೇ ಅಂದರು. ಅವಳು ತಿರುಗಿ ನೋಡಲಿಲ್ಲ.

"ಬೌದ್ಧರು ಸರಿ ಕಣಮ್ಮ. ಅದಕ್ಕೆ ಮುಂಚೆ ಏನಾಗಿದ್ರಿ?"

"ಮುಂಚೆನೂವೆ ಇಂಗೇ ಬಾಗ್ಲಾಚೆ ನಿಂತಿದ್ದೋರು, ಸಾ."

ಸುದರ್ಶನ್ ಬೈಯಲಿಲ್ಲ. ಅಂಥವರು ಬೈಯುವುದಿಲ್ಲ. ನನಗೆ ವೈಯಕ್ತಿಕವಾಗಿ ಏನೂ ಇಲ್ಲ, ನನ್ನ ಕ್ಲೋಸ್ ಫ್ರೆಂಡೇ ಒಬ್ಬ ಇದ್ದಾನೆ, ಆದರೆ ಸಂಘದ ಬೈಲಾ ಎಂದು ನಿಟ್ಟುಸಿರುಬಿಟ್ಟ. ಈಗ ಅವನಿಗೆ ಅನುಮಾನ ಹತ್ತಿತು. ಆಗಲೇ ಪಾಸಾಗಿದ್ದ ನಾಲ್ವರನ್ನೂ ಮತ್ತೆ ಕರೆದ. ಮಾನಸಾ ಗಾಬರಿಯಲ್ಲಿ ಪಾಪಯ್ಯ ತನ್ನ ಅಪ್ಪನ ಅಪ್ಪ ಎಂದಳು, ಅಮ್ಮನ ಅಪ್ಪನೂ ಅವನೇ ಎಂದಳು. ಕೀರ್ತಿರಾಜ್ ಮನೆದೇವರ ಹೆಸರು ಮರೆತು ಶ್ರವಣಬೆಳಗೊಳದ ಕಡೆ ಕೈ ತೋರಿಸಿದ. ಕೊನೆಗೆ ಸುದರ್ಶನ್ ನನ್ನ ಕಡೆ ತಿರುಗಿ, ಮೇಡಂ ನೀವು ಕೆಂಪಣ್ಣೋರ ತಮ್ಮನ ಸೊಸೆ ಅಲ್ವಾ, ಹಳೇ ರಿಜಿಸ್ಟ್ರಿನಲ್ಲಿ ಹಾಗೇ ಇದೆಯಲ್ಲ ಎಂದು ಕೇಳಿದ. ಈ ವರ್ಷ ಅಲ್ಲ ಎಂದೆ.

ಆತ ಬಹಳ ನ್ಯಾಯವಂತ. ನಿಜವಾಗಿ ತಮ್ಮವರಾದವರು ಉಳಿಯಬಹುದು, ಉಳಿದವರು ಬೇರೆ ಕಡೆ ನೋಡಿಕೊಳ್ಳಲಿ ಎಂದು ಹೇಳಿದ. ಸೋಸಿ ನೋಡಿದರೆ ನಮ್ಮಲ್ಲಿ ತಮ್ಮವರು ಅಂತಿದ್ದದ್ದು ಧನ್ಯಾ, ಇನ್ನಿಬ್ಬರು ಹುಡುಗಿಯರು, ಮತ್ತೆ ಕೆಂಪಣ್ಣನವರು. ಕೆಂಪಣ್ಣನವರ ಮುಖ ಕೆಂಪೇರಿತ್ತು. ಇಷ್ಟು ವರ್ಷದ ಹೆಸರು ಒಂದು ಗಳಿಗೆಯಲ್ಲಿ ಮಣ್ಣುಪಾಲಾಗಿತ್ತು, ಅದೂ ಸ್ವಂತ ಜನರ ಮನೆಯಲ್ಲಿ. ಆ ಸಿಟ್ಟನ್ನು ಅವರು ಸುದರ್ಶನ್ ಮೇಲೆ ತೀರಿಸಲಿಲ್ಲ.

"ಒಂದ್ ಮಾತ್ ಯೋಳಿದ್ರೆ ನಿನ್ ಗಂಟೇನ್ ಓಯ್ತಿತ್ತವ್ವಾ?" ಎಂದು ಯಶೋಧರಾಳನ್ನು ಕೇಳಿದರು.

ಯಶೋಧರಾ ಗಟ್ಟಿ ಹುಡುಗಿ ಎಂದು ನೀವು ತಿಳಿದಿದ್ದರೆ ತಪ್ಪು, ಅವಳಿಗೆ ಹತ್ತೊಂಬತ್ತು ವರ್ಷ, ತನ್ನಿಂದ ಇಷ್ಟು ಜನ ಬೀದಿಗೆ ಬಿದ್ದರು ಎಂದು ಅವಳಿಗೆ ಅಳು ಬಂದಿತ್ತು. ನಾನು ಏನಾದರೂ ಹೇಳುವ ಮೊದಲೇ ಧನ್ಯಾ ತನ್ನ ಬ್ಯಾಗು ಹೆಗಲಿಗೇರಿಸಿ, ಕೋಲುಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು. ಇವಳಿಲ್ಲದೆ ನನ್ನ ಕೋಲನ್ನು ಯಾರಿಗೆ ಕೊಡಲಿ, ನೀನು ಆಡುತ್ತೀಯಾ ಎಂದು ಅಪ್ಪನನ್ನು ಕೇಳಿದಳು. ಎಲ್ಲರೂ ಅವಳ ಹಿಂದೆ ಹೊರಟೆವು. ಕಾಯಿ ಮೂಟೆ ಅಲ್ಲೇ ಉಳಿಯಿತು.

ಫುಟ್‌ಪಾತಿನ ಮೇಲೆ ಬ್ಯಾಗುಗಳನ್ನು ಗುಡ್ಡೆಹಾಕಿ ಕೂತೆವು. ಮಾರನೆಯ ಬೆಳಿಗ್ಗೆಯೇ ಸ್ಪರ್ಧೆ. ಕೆಂಪಣ್ಣನವರು ಫೋನು ಹಿಡಿದು ತಮ್ಮ ವಶೀಲಿಯನ್ನೆಲ್ಲ ಒಂದೊಂದಾಗಿ ಎಬ್ಬಿಸಿದರು. ಲಾಡ್ಜಿನವರು ಹೇಳಿದ ರೇಟು ಕೇಳಿ ನಾನೇ ಫೋನು ಇಟ್ಟುಬಿಡಿ ಎಂದೆ. ಗೊತ್ತಿದ್ದ ಎರಡು ಕಲ್ಯಾಣಮಂಟಪದಲ್ಲೂ ಮದುವೆ. ವಿಜಯನಗರದಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿರುವ ಅವರ ದೂರದ ನೆಂಟರೊಬ್ಬರು, ಅಯ್ಯೋ ಬನ್ನಿ, ಮಹಡಿ ಖಾಲಿಯಿದೆ ಎಂದರು. ಆಮೇಲೆ ಸ್ವಲ್ಪ ತಡೆದು, ಯಾರ್ಯಾರ ಮಕ್ಕಳು ಎಂದು ಕೇಳಿದರು. ಕೆಂಪಣ್ಣನವರು ಉತ್ತರ ಕೊಡದೆ ಕಟ್ ಮಾಡಿದರು. ಆ ಒಂದು ಕ್ಷಣ ಅವರ ಮೇಲೆ ನನಗೆ ತುಂಬ ಅಭಿಮಾನ ಬಂತು. ಹೊಟ್ಟೆ ಬೇರೆ ಚುರುಗುಡುತ್ತಿದೆ ಮೇಡಂ ಎಂದು ಅವರು ಟವೆಲಿನಿಂದ ಮುಖ ಒರೆಸಿಕೊಂಡರು.

ಅಷ್ಟರಲ್ಲಿ ಯಶೋಧರಾ ತನ್ನ ಅಪ್ಪನಿಗೆ ಫೋನು ಮಾಡಿದ್ದಳು. ನಟರಾಜು ಮೇಷ್ಟ್ರು ಬೆಂಗಳೂರಿನಲ್ಲಿ ಶಿವಯ್ಯ ಎನ್ನುವವರಿಗೆ ಮಾಡಿದ್ದರು. ಶಿವಯ್ಯ ಅರಕಲಗೂಡಿನ ಕಡೆಯವರು, ಸಿಟಿ ಬಸ್ಸಿನ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರಾದವರು. ತಮ್ಮ ಬಡಾವಣೆಯ ಜನ ಸೇರಿ ಕಟ್ಟಿಕೊಂಡಿರುವ ಪುಟ್ಟ ಬುದ್ಧವಿಹಾರವನ್ನು ನೋಡಿಕೊಂಡಿದ್ದಾರೆ, ಕೆಳಗಿನ ಮನೆಯಲ್ಲೇ ವಾಸ. ಮಕ್ಕಳನ್ನು ಕಳಿಸಿ, ಜಾಗ ಇದೆ ಎಂದಿದ್ದರು. ಕೆಂಪಣ್ಣನವರಿಗೆ ಒಮ್ಮೆಲೇ ಹತ್ತು ತೊಂದರೆ ಕಾಣಿಸಿದವು. ಅದು ದೂರ, ನೀರು ಇದೆಯೋ ಇಲ್ಲವೋ, ಏರಿಯಾ ಹೇಗೋ ಏನೋ, ಹೆಣ್ಣುಮಕ್ಕಳು ಜೊತೆಗಿದ್ದಾರೆ. ಹಾಗಾದರೆ ಇನ್ನೊಂದು ಜಾಗ ಹೇಳಿ ಎಂದೆ. ಇರಲಿಲ್ಲ. ಸಿಟಿ ಬಸ್ಸು ಹತ್ತಿದೆವು.

ಬಡಾವಣೆಯ ಗಲ್ಲಿ ಕಿರಿದಾಗಿತ್ತು, ವಿಹಾರ ಚೊಕ್ಕಟವಾಗಿತ್ತು. ಮೇಲೆ ಒಂದೇ ದೊಡ್ಡ ಹಾಲ್, ಒಂದು ಕಡೆ ಬುದ್ಧನ ವಿಗ್ರಹ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ, ಸುತ್ತಿ ಗೋಡೆಗೊರಗಿಸಿದ ಚಾಪೆಗಳು. ನಲ್ಲಿಯಲ್ಲಿ ನೀರು ಬರುತ್ತಿತ್ತು. ಶಿವಯ್ಯ ಬಾಗಿಲಲ್ಲೇ ನಿಂತಿದ್ದರು, ಬನಿಯನ್, ಪಂಚೆ ತೊಟ್ಟ ಎತ್ತರದ ಆಳು. ನಮ್ಮನ್ನು ಕಂಡು ಏನೋ ಕೇಳಲು ಬಾಯಿ ತೆರೆದರು. ಬಾಗಿಲು, ಬಾಗಿಲಲ್ಲಿ ನಿಂತ ಮನುಷ್ಯ, ಪ್ರಶ್ನೆ, ಇಷ್ಟು ಸೇರಿದರೆ ಕೆಂಪಣ್ಣನವರ ನಾಲಿಗೆಗೆ ಬೇರೆ ದಾರಿ ಗೊತ್ತಿರಲಿಲ್ಲ. ಕೈ ಮುಗಿದು ಮುಂದೆ ಹೋಗಿಬಿಟ್ಟರು.

"ನಾವೆಲ್ಲ ನಿಮ್ ಪೈಕಿನೇಯ ಸಾ. ಇವೆಲ್ಲ ನಮ್ ಪಾಪಯ್ಯನ ಮೊಮ್ಮಕ್ಕಳು."

ಹಿಂದೆ ಮಕ್ಕಳು ಕಿಸಕ್ಕೆಂದರು. ಬದುಕಿದ್ದಾಗ ಇಂಥ ಬೀದಿಯ ಗಾಳಿಯನ್ನೂ ಸೋಕಿಸಿಕೊಳ್ಳದ ಪಾಪಯ್ಯ, ಸತ್ತು ಇಷ್ಟು ವರ್ಷದ ಮೇಲೆ ಆ ಸಂಜೆ ಜಾತಿ ಬದಲಾಯಿಸಿದ್ದರು. ನನಗೂ ನಗು ತಡೆಯಲಾಗಲಿಲ್ಲ. ಶಿವಯ್ಯ ಮಾತ್ರ ನಗಲಿಲ್ಲ.

"ನಾನು ಅದ ಕೇಳ್ನಿಲ್ಲ ಸಾ. ಎಷ್ಟ್ ಮುದ್ದೆ ಮಾಡ್ಬೇಕು ಅಂತ ಕೇಳಾಣ ಅಂತಿದ್ದೆ."

ಕೆಂಪಣ್ಣನವರು ತಬ್ಬಿಬ್ಬಾದರು. ಆಮೇಲೆ ತಿರುಗಿ ಬೆರಳು ಮಾಡಿ ಮಕ್ಕಳನ್ನು ಎಣಿಸಿದರು, ನನ್ನನ್ನು ಎಣಿಸಿದರು, ಹತ್ತೊಂಬತ್ತು ಎಂದರು. ಶಿವಯ್ಯನವರ ಹೆಂಡತಿ ಸಣ್ಣಕ್ಕ ಅಡುಗೆಮನೆಯಿಂದ ಹಿಟ್ಟಿನ ಕೋಲು ಹಿಡಿದುಕೊಂಡೇ ಬಂದು ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಇಪ್ಪತ್ತು ಜನ ಇದ್ದೀರಲ್ಲ ಎಂದರು. ಅವರ ಮಾತಿನಲ್ಲಿ ಅನುಮಾನವೇನೂ ಇರಲಿಲ್ಲ, ಹಿಟ್ಟು ಕಡಿಮೆ ಬೀಳಬಾರದಲ್ಲ ಎಂಬ ಕಾಳಜಿ ಅಷ್ಟೆ.

ನನಗೆ ಹೊಟ್ಟೆ ಸರಿಯಿಲ್ಲ, ನನ್ನದು ಬಿಟ್ಟುಬಿಡಿ ಎಂದರು ಕೆಂಪಣ್ಣನವರು. ಬಸ್ಸು ಹತ್ತುವ ಮೊದಲು ಅದೇ ಹೊಟ್ಟೆ ಚುರುಗುಡುತ್ತಿತ್ತು. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಲಿಲ್ಲ. ಎಷ್ಟೋ ಮಕ್ಕಳನ್ನು ಕಣ್ಣು ಮಿಟುಕಿಸದೆ ಬೇರೆಯವರನ್ನಾಗಿ ಮಾಡಿದ ಮನುಷ್ಯನಿಗೆ ತನ್ನನ್ನು ಒಂದು ತಟ್ಟೆಯ ಮಟ್ಟಿಗೆ ಬೇರೆ ಮಾಡಿಕೊಳ್ಳಲು ಆಗುತ್ತಿರಲಿಲ್ಲ. ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಸಣ್ಣಕ್ಕನವರ ಕಡೆ ನೋಡಲು ನನಗೂ ಆಗಲಿಲ್ಲ. ಪಾಪ, ಅವರು ಜೀರಿಗೆ ಕಷಾಯ ಕಾಯಿಸಿ ಕೊಡಲಾ ಎಂದು ಕೇಳಿದರು.

"ಒಟ್ಟೆ ಸರಿಯಾಗೇ ಅದೆ ಅಕ್ಕಾ," ಎಂದಳು ಧನ್ಯಾ. "ನಮ್ಮಪ್ಪ ಇಲ್ಲಿ ಉಣ್ಣಕಿಲ್ಲ. ಅ‍ಷ್ಟೇಯ."

ಕೆಂಪಣ್ಣನವರು ಮಗಳ ಮೇಲೆ ರೇಗುತ್ತಾರೆ ಎಂದುಕೊಂಡೆ. ರೇಗಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಫೋನು ಬಂದವರಂತೆ ಜೇಬು ಮುಟ್ಟಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಶಿವಯ್ಯ, ಕೂರಲಿ ಬಿಡಿ, ದಣಿದಿದ್ದಾರೆ ಎಂದು ಹುಡುಗರಿಗೆ ಚಾಪೆ ಹಾಸಲು ಹೇಳಿದರು. ಸಣ್ಣಕ್ಕ ಒಳಗೆ ಹೋದರು.

ಊಟಕ್ಕೆ ಸಾಲಾಗಿ ಕೂತೆವು. ಮುದ್ದೆ, ಅವರೆಕಾಳು ಸಾರು, ಅನ್ನ. ಸಣ್ಣಕ್ಕ ಮುದ್ದೆ ಕಟ್ಟಿದ್ದು ಇಪ್ಪತ್ತೇ. ಧನ್ಯಾ ಮತ್ತು ಯಶೋಧರಾಳ ನಡುವೆ ಒಂದು ತಟ್ಟೆ ಹಾಕಿ, ಮುದ್ದೆ ಇಟ್ಟು, ಸಾರು ಬಿಟ್ಟು, ಏನೂ ಹೇಳದೆ ಮುಂದೆ ಹೋದರು. ಬಾಗಿಲು ತೆರೆದೇ ಇತ್ತು, ಮೆಟ್ಟಿಲ ಮೇಲೆ ಕೂತವರಿಗೆ ಆ ತಟ್ಟೆ ಕಾಣುತ್ತಿತ್ತು. ಎಲ್ಲರ ಊಟವೂ ಅರ್ಧ ಮುಗಿದಿತ್ತು. ಅಪ್ಪಾ ಬಾ ಎಂದು ಧನ್ಯಾ ಒಂದು ಸಲ ಕರೆದಳು. ಅವರು ನೀನು ಉಣ್ಣವ್ವ ಎಂದು ಅಲ್ಲಿಂದಲೇ ಕೈಯಾಡಿಸಿದರು.

ಧನ್ಯಾ ಎರಡನೆಯ ಸಲ ಕರೆಯಲಿಲ್ಲ. ತನ್ನ ಮುದ್ದೆ ಮುಗಿಸಿದಳು. ಪಕ್ಕದ ತಟ್ಟೆಯನ್ನು ಎಳೆದುಕೊಂಡು ಅಪ್ಪನ ಪಾಲಿನ ಮುದ್ದೆಯನ್ನೂ ಮುರಿದು ಉಣ್ಣಲು ಶುರುಮಾಡಿದಳು. ಅವಳು ಅರ್ಧ ಮುದ್ದೆಯ ಹುಡುಗಿ. ಬಿಡು ಕಣೇ, ಹೊಟ್ಟೆ ನೋಯುತ್ತದೆ ಎಂದು ಯಶೋಧರಾ ಅವಳ ಕೈ ಹಿಡಿದಳು. ಧನ್ಯಾ ಕೈ ಬಿಡಿಸಿಕೊಂಡು, ಕಣ್ಣಿಂದ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳದೆ, ಬಾಗಿಲ ಕಡೆ ನೋಡುತ್ತಲೇ ಒಂದು ತುತ್ತೂ ಬಿಡದೆ ನುಂಗಿದಳು.